ಶನಿವಾರದ ವೈಟ್ ಮೌಂಟನ್ಸ್ ಪ್ರವಾಸ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 4ರ ಶನಿವಾರ ಶರತ್ಕಾಲದಲ್ಲಿ ತಿರುಗುವ ಎಲೆಗಳ ಬಣ್ಣ ನೋಡಲು ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಬೆಟ್ಟಗಳಿಗೆ ಹೋಗುವುದು ಖಚಿತವಾಗಿದೆ. ಹೆಸರು ಕೊಟ್ಟವರೆಲ್ಲ ಬೆಳಿಗ್ಗೆ 6ಕ್ಕೆ ಸರಿಯಾಗಿ ಬಾಸ್ಟನ್ ಬಿಡಬೇಕು. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ನಾವು ಹೋಗುವ, ಲಿಂಕನ್ ಊರಿನಿಂದ ಕಾನ್ವೇ ಊರಿನವರೆಗಿನ ಕ್ಯಾಂಕಮಾಗಸ್ ಹೆದ್ದಾರಿ ಸುಮಾರು 55 ಕಿ.ಮೀ. ಉದ್ದವಿದೆ. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಂಪರ್ಕವನ್ನೂ ನಂಬುವಂತಿಲ್ಲ. ಲಿಂಕನ್‌ನಲ್ಲೇ ಟ್ಯಾಂಕ್ ತುಂಬಿಸಿ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಕೆಳಗೆ ಹಸಿರೇ ಕಂಡರೆ ಬೇಸರ ಬೇಡ. ಬಣ್ಣ ಮೊದಲು ಎತ್ತರದಲ್ಲಿ ತಿರುಗಿ, ಆಮೇಲೆ ಕಣಿವೆಗೆ ಇಳಿಯುತ್ತದೆ. ರಸ್ತೆ 2,855 ಅಡಿಗೆ ಏರುವ ಹೊತ್ತಿಗೆ ಬರ್ಚ್ ಮರದ ಹಳದಿ, ಮೇಪಲ್ ಮರದ ಕೆಂಪು ಎರಡೂ ಸಿಗಬೇಕು. ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಇನ್ನೂ ಗಾಢವಾಗುತ್ತದೆ. ಒಂದು ಮೇಪಲ್ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಅಂಚು ಕೆಂಪಾಗಿದ್ದರೂ ನರಗಳ ಪಕ್ಕ ಹಸಿರು ಉಳಿದಿರುವುದುಂಟು. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ.

ಸ್ಯಾಬಡೇ ಜಲಪಾತದ ಬಳಿ ಇಳಿದು ನಡೆಯೋಣ. ದಾರಿ ಚಿಕ್ಕದು, ಹಿರಿಯರೂ ಬರಬಹುದು. ಒದ್ದೆ ಎಲೆ ಜಾರುತ್ತದೆ, ಗಟ್ಟಿ ಹಿಡಿತದ ಶೂ ಹಾಕಿಕೊಳ್ಳಿ. ಸ್ವೆಟರ್, ಬುತ್ತಿ, ನೀರು ಜೊತೆಗಿರಲಿ.

ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂದು ಬುಧವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.