ಅವತ್ತು ನಾಯಿ ಅಡ್ಡ ಬಂದಿರಲಿಲ್ಲ

ಪುಟ್ಟಿ,

ಭಾನುವಾರ ನಿನ್ನ ಮಾತು ಮುಗಿಯೋ ಮೊದಲೇ ಫೋನ್ ಇಟ್ಟುಬಿಟ್ಟೆ. ಆಮೇಲೆ ನಾಲ್ಕು ಸಲ ನಿನ್ನ ನಂಬರ್ ತೆಗೆದು ಮತ್ತೆ ಸುಮ್ಮನಾದೆ. ಮಾತಾಡಿದರೆ ಪುನಃ ದನಿ ಏರುತ್ತೆ, ಅದಕ್ಕೇ ಬರೀತಿದ್ದೀನಿ.

ನೀನು ಕಾರು ಮಾರಿ ಬೈಕ್ ತಗೊಂಡದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತೆ. ನಾನು ಕೊಟ್ಟ ದುಡ್ಡಿನ ಮಾತು ಬಿಡು, ಅದು ನಿನ್ನದೇ. ಮೂವತ್ತು ವರ್ಷ ಎರಡು ಚಕ್ರದ ಗಾಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದವನು ನಾನು. ನನ್ನ ಮಗಳು ಬಾಗಿಲು ಹಾಕ್ಕೊಂಡು, ಮೈಗೆ ಒಂದು ಹನಿ ಮಳೆ ತಾಗದ ಹಾಗೆ ಆಫೀಸಿಗೆ ಹೋಗ್ತಾಳೆ ಅಂತ ಇಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲೆಲ್ಲ ಹೇಳಿಕೊಂಡಿದ್ದೆ. ಮಾರುವ ಮುಂಚೆ ಒಂದು ಮಾತು ಹೇಳಬಹುದಿತ್ತು.

ನಿನ್ನ ಲೆಕ್ಕ ನನಗೆ ಅರ್ಥವಾಗುತ್ತೆ. ಬನಶಂಕರಿಯಿಂದ ಬೆಳ್ಳಂದೂರಿಗೆ ಕಾರಿನಲ್ಲಿ ಒಂದೂಮುಕ್ಕಾಲು ಗಂಟೆ, ಬೈಕಿನಲ್ಲಿ ಐವತ್ತು ನಿಮಿಷ. ಸಿಲ್ಕ್ ಬೋರ್ಡ್ ಹತ್ತಿರ ಕ್ಲಚ್ ತುಳಿದೂ ತುಳಿದೂ ನಿನ್ನ ಎಡಮಂಡಿ ಊದಿದ್ದನ್ನು ಹಬ್ಬಕ್ಕೆ ಬಂದಾಗ ನಾನೇ ನೋಡಿದೆ. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದಾಗ ಅದರಲ್ಲೇ ಹೋಗು ಅಂದಿದ್ದೆ. ಸಿಲ್ಕ್ ಬೋರ್ಡಿನಲ್ಲಿ ಇಳಿದು ಮತ್ತೆ ಬಸ್ಸಿಗೇ ಕಾಯಬೇಕಲ್ಲಪ್ಪ ಅಂತ ನೀನಂದೆ. ಅದೂ ನಿಜವೇ.

ಆದರೆ 'ಹೆಣ್ಣುಮಗಳಿಗೆ ಬೈಕ್ ಯಾಕೆ, ಯಾರಿಗೆ ತೋರಿಸೋಕೆ' ಅಂದೆನಲ್ಲ, ಆ ಮಾತು ನಾನು ಆಡಬಾರದಿತ್ತು. ಒಂಬತ್ತು ವರ್ಷಕ್ಕೇ ಪ್ಲಗ್ ಬಿಚ್ಚಿ, ಕಾರ್ಬನ್ ಉಜ್ಜಿ ಕೊಡ್ತಿದ್ದವಳು ನೀನು. ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೂ ಜಾವಾ, ಯೆಜ್ಡಿ ಬಿಡಲಾರದೆ ಇಟ್ಟುಕೊಂಡವರು ನಮ್ಮ ಗ್ಯಾರೇಜಿಗೆ ಬರ್ತಿದ್ದರು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತೆ ಅಂತ ಅವರ ಮಕ್ಕಳಿಗೆ ತೋರಿಸ್ತಿದ್ದವಳು ನೀನೇ. ಆಗ ನನಗೆ ಎಷ್ಟು ಹೆಮ್ಮೆ ಇತ್ತು ಅಂತ ಒಂದು ದಿನವೂ ಹೇಳಲಿಲ್ಲ. ಭಾನುವಾರ ಬಾಯಿಗೆ ಬಂದದ್ದು ನನ್ನ ಹೆದರಿಕೆ. ಆ ಹೆದರಿಕೆ ಎಲ್ಲಿಂದ ಬಂತು ಅಂತ ನಿನಗೆ ಗೊತ್ತಿಲ್ಲ.

ನಿನ್ನ ಗದ್ದದ ಕೆಳಗಿನ ಗಾಯದ ಗುರುತು. ಒಂದನೇ ಕ್ಲಾಸಿನ ಮೊದಲ ವಾರ. ಕರಿನಾಯಿ ಅಡ್ಡ ಬಂತು, ಅಪ್ಪ ಬ್ರೇಕ್ ಹಾಕಿದರು, ಬಿದ್ದುಬಿಟ್ವಿ ಅಂತ ನೀನು ಇವತ್ತಿಗೂ ಹೇಳ್ತೀಯ. ನಿಮ್ಮಮ್ಮನೂ ಹಾಗೇ ಹೇಳ್ತಾಳೆ.

ಪುಟ್ಟಿ, ನಾಯಿ ಇರಲಿಲ್ಲ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆಯಲ್ಲಿ ಹಳದಿ ಹೂ ಉದುರಿ ನೀರಿಗೆ ಅಂಟಿಕೊಂಡಿತ್ತು. ನೀನು ಯೆಜ್ಡಿಯ ಟ್ಯಾಂಕ್ ಮೇಲೆ ಕೂತಿದ್ದೆ, ಎರಡು ಕೈಯಲ್ಲೂ ಹ್ಯಾಂಡಲ್ ಹಿಡ್ಕೊಂಡು. ಇಂಜಿನ್ ಕುಕ್ಕೋಕೆ ಶುರುಮಾಡಿತು. ಪೆಟ್ರೋಲ್ ಮುಗೀತಾ ಬಂದಿದೆ ಅಂತ ನನಗೆ ಹಿಂದಿನ ದಿನವೇ ಗೊತ್ತಿತ್ತು, ಹಾಕಿಸಿರಲಿಲ್ಲ. ಗಾಡಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬಲಗೈಯೊಂದರಲ್ಲೇ ಹ್ಯಾಂಡಲ್ ಹಿಡಿದು, ಎಡಗೈಯಲ್ಲಿ ನಿನ್ನ ಕಾಲು ಸರಿಸಿ, ಬಗ್ಗಿ, ತಳದಲ್ಲಿ ಉಳಿದ ಪೆಟ್ರೋಲ್ ಬರಲಿ ಅಂತ ಟ್ಯಾಂಕಿನ ಕೆಳಗಿನ ಟ್ಯಾಪನ್ನು ರಿಸರ್ವ್‌ಗೆ ತಿರುಗಿಸಿದೆ. ನಿನ್ನ ಬಿಳಿ ಕಾಲುಚೀಲ, ಬಕಲ್ಲಿನ ಶೂ, ಟ್ಯಾಪಿನ ಹತ್ತಿರ ಜಿನುಗಿದ ಪೆಟ್ರೋಲಿನ ವಾಸನೆ, ಎಲ್ಲ ಹಾಗೇ ಕಣ್ಣ ಮುಂದಿದೆ. ತಲೆ ಎತ್ತಿದರೆ ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಸೈಕಲ್ಲು. ಮುಂದಿನ ಬ್ರೇಕ್ ಪೂರ್ತಿ ಹಿಡಿದೆ. ಚಕ್ರ ಲಾಕ್ ಆಗಿ ಆ ಹೂವಿನ ಮೇಲೆ ಜಾರಿತು.

ಹೆಲ್ಮೆಟ್ ನನ್ನ ತಲೆ ಮೇಲಿತ್ತು. ನಿನ್ನ ತಲೆ ಮೇಲೆ ಎರಡು ಜಡೆ, ಅದಕ್ಕೆ ಕಟ್ಟಿದ್ದ ಟೇಪು, ಅಷ್ಟೇ.

ಐದು ಹೊಲಿಗೆ. ಡಾಕ್ಟರು, ಇನ್ನೆರಡು ಇಂಚು ಮೇಲೆ ಬಿದ್ದಿದ್ದರೆ ಅಂತ ಶುರುಮಾಡಿ ನಿನ್ನ ಮುಖ ನೋಡಿ ನಿಲ್ಲಿಸಿದರು. ಮನೆಗೆ ಬರೋ ದಾರಿಯಲ್ಲಿ, ನಾಯಿ ಅಡ್ಡ ಬಂತು ಅಂತ ಅಮ್ಮನಿಗೆ ಹೇಳೋಣ ಅಂದೆ. ನೀನು 'ಕರಿನಾಯಾ?' ಅಂತ ಕೇಳಿದೆ. ಹೂಂ ಅಂದೆ. ವರ್ಷ ಕಳೀತಾ ನೀನು ಅದನ್ನ ನೋಡಿದ್ದೇ ನಿಜ ಅಂತ ನಂಬಿಬಿಟ್ಟೆ. ಆಕ್ಸಿಡೆಂಟ್ ಆದ ಗಾಡಿ ಗ್ಯಾರೇಜಿಗೆ ಬಂದಾಗೆಲ್ಲ ನಾನು ಮೊದಲು ನೋಡ್ತಿದ್ದದ್ದು ಟ್ಯಾಂಕನ್ನ. ಒಂದು ಸಲ ಫುಟ್‌ರೆಸ್ಟಿನ ಸಂದಿಯಲ್ಲಿ ಒಂದು ಚಿಕ್ಕ ಚಪ್ಪಲಿ ಸಿಕ್ಕಿಕೊಂಡಿತ್ತು. ಆ ಗಾಡಿಯನ್ನ ನಾನು ಮುಟ್ಟಲಿಲ್ಲ, ಬೇರೆ ಕಡೆ ಕಳಿಸಿದೆ. ನಿನ್ನನ್ನ ಕಾರಿನಲ್ಲಿ ಕೂರಿಸಬೇಕು ಅಂತ ಹಟ ಹಿಡಿದದ್ದು ಇದಕ್ಕೇ.

ಕೆಲವು ಮಾತು ಹೇಳಲೇಬೇಕು. ಉಪದೇಶ ಅನ್ನಿಸಿದರೂ ಓದು. ನಿನ್ನ ಬೈಕಿನಲ್ಲಿ ರಿಸರ್ವ್ ಟ್ಯಾಪ್ ಇಲ್ಲ ನಿಜ, ಆದರೆ ಹ್ಯಾಂಡಲ್ ಮೇಲೆ ಮೊಬೈಲ್ ಸಿಕ್ಕಿಸಿದ್ದೀಯ. ಅದೂ ಆ ಟ್ಯಾಪಿನ ಹಾಗೇ ಕಣ್ಣನ್ನ ಕೆಳಕ್ಕೆ ಎಳೆಯುತ್ತೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗ್ತಿದ್ದರೆ ಎರಡು ಸೆಕೆಂಡಿಗೆ ಗಾಡಿ 22 ಮೀಟರ್ ಓಡಿರುತ್ತೆ. ಅಷ್ಟು ದೂರ ನೀನು ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ದಾರಿ ನೋಡಬೇಕಾದರೆ ಪಕ್ಕಕ್ಕೆ ನಿಲ್ಲಿಸಿ ನೋಡು. ಬಿಎಂಟಿಸಿ ಬಸ್ಸಿನ ಎಡಕ್ಕೆ ನುಗ್ಗಬೇಡ, ಡ್ರೈವರಿಗೆ ನೀನು ಕಾಣಲ್ಲ, ಅವನು ಸ್ಟಾಪಿಗೆ ಎಡಕ್ಕೇ ಬರ್ತಾನೆ. ಮೊದಲ ಮಳೆಯ ದಿನ ಗಾಡಿ ಮನೇಲೇ ಬಿಡು. ಬೇಸಿಗೆಯೆಲ್ಲ ರಸ್ತೆಗೆ ಇಳಿದ ಆಯಿಲ್ ಅವತ್ತು ಮೇಲೆ ಬರುತ್ತೆ. ಎಬಿಎಸ್ ಇದೆ ಅಂತ ಧೈರ್ಯ ಹೇಳಿದೆ ನೀನು. ಒಳ್ಳೆಯದೇ, ಯೆಜ್ಡಿಗೆ ಇದ್ದಿದ್ದರೆ ಆ ಚಕ್ರ ಲಾಕ್ ಆಗ್ತಿರಲಿಲ್ಲ. ಆದರೆ ಬಗ್ಗಿದ ತಲೆಗೆ ಎಬಿಎಸ್ ಏನೂ ಮಾಡಲ್ಲ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ, ಆ ಗುರುತಿನ ಮೇಲೇ. ಹಿಂದೆ ಗೆಳತಿಯನ್ನ ಕೂರಿಸಿಕೊಂಡರೆ ಅವಳಿಗೂ ಹೆಲ್ಮೆಟ್. 2016ರಿಂದ ನಮ್ಮಲ್ಲಿ ಹಿಂದೆ ಕೂತವರಿಗೂ ಕಡ್ಡಾಯ ಅಂತ ನಿನಗೂ ಗೊತ್ತು. ದಂಡಕ್ಕೆ ಹೆದರಿ ಕೊಡಬೇಡ, ನಿನ್ನ ನಂಬಿ ಕೂತಿರ್ತಾಳೆ ಅಂತ ಕೊಡು. ನಾನು ಕೊಟ್ಟಿರಲಿಲ್ಲ.

ಪಾರ್ಸೆಲ್ಲಿನಲ್ಲಿ ಗ್ಲೌಸ್ ಇದೆ. ಅಳತೆ ಸರಿಹೋಗದಿದ್ದರೆ ತಿಳಿಸು, ಬದಲಾಯಿಸ್ತೀನಿ.

ಮುಂದಿನ ಶನಿವಾರ ಬೈಕಿನಲ್ಲೇ ಬರ್ತೀನಿ ಅಂದೆಯಂತೆ. ಬಾ. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಎದುರುಗಡೆಯಿಂದಲೂ ಗಾಡಿ ನುಗ್ಗಿಸ್ತಾರೆ, ಟ್ರ್ಯಾಕ್ಟರ್ ಇರುತ್ತೆ. ಕತ್ತಲಾಗೋ ಮುಂಚೆ ಶ್ರೀರಂಗಪಟ್ಟಣ ದಾಟಿರು. ಚೈನ್ ನಾನೇ ನೋಡ್ತೀನಿ, ನೀನು ಬಿಗಿ ಮಾಡಿಸಬೇಡ. ನಾಯಿ ವಿಷಯ ನಿಮ್ಮಮ್ಮನಿಗೆ ನೀನು ಬರೋದರೊಳಗೆ ನಾನೇ ಹೇಳಿರ್ತೀನಿ.

ಅಪ್ಪ