ಕಾರಿನಡಿ ಇಣುಕಿದ ಹಿರಿಯರಿಗೆ

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಮಲ್ಪೆ ಬಂದರಿನ ಹತ್ತಿರ ಸೆಕೆಂಡ್ ಹ್ಯಾಂಡ್ ಬಿಳಿ ಕಾರೊಂದಕ್ಕೆ ಮುಂಗಡ ಕೊಡಲು ನಾನು ಜೇಬಿಗೆ ಕೈ ಹಾಕಿದ್ದೆ. "ಸ್ವಲ್ಪ ನಿಲ್ಲಿ ಮಾರಾಯರೇ" ಎಂದು ಸ್ಕೂಟರ್ ನಿಲ್ಲಿಸಿದ ಹಿರಿಯರೇ, ನಿಮ್ಮ ಹೆಸರು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ಮುಂಡು ಎತ್ತಿ ಕಟ್ಟಿ, ಮೊಬೈಲ್ ಬೆಳಕಿನಲ್ಲಿ ಕಾರಿನಡಿ ಇಣುಕಿದಿರಿ. ಹೊಸದಾಗಿ ಬಳಿದ ಕಪ್ಪು ಬಣ್ಣದ ಕೆಳಗೆ ತುಕ್ಕು ಹಪ್ಪಳದಂತೆ ಉಬ್ಬಿತ್ತು, ಉಪ್ಪುಗಾಳಿಯ ಕೆಲಸ. ಡಿಕ್ಕಿಯ ಚಾಪೆ ಎತ್ತಿಸಿ ಸ್ಟೆಪ್ನಿ ಇಡುವ ಗುಂಡಿಯನ್ನೂ ತೋರಿಸಿದಿರಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಒಣಗಿದ ಕೆಸರಿನ ಗೆರೆ! ಗಾಡಿ ನೀರಿನಲ್ಲಿ ನಿಂತಿದ್ದರ ಆ ಗುರುತು ನನಗೆ ಈ ಜನ್ಮದಲ್ಲಿ ಕಾಣುತ್ತಿರಲಿಲ್ಲ. ನಾನು ಪರೀಕ್ಷಿಸಿದ್ದು ಹಾಡು ಚೆನ್ನಾಗಿ ಕೇಳಿಸುತ್ತದೆಯೇ ಎಂಬುದನ್ನು ಮಾತ್ರ.

"ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರ್ಮ್ 35 ನೋಡದೆ ಹಣ ಕೊಡಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಯಿಸಲು ಫಾರ್ಮ್ 29, 30" ಎಂದು ಮೀನಿನ ಬಿಲ್ಲಿನ ಹಿಂಬದಿಯಲ್ಲಿ ಬರೆದೂ ಕೊಟ್ಟಿರಿ.

ಈಗ ಮಣಿಪಾಲದ ನಿವೃತ್ತ ಶಿಕ್ಷಕರೊಬ್ಬರ ಉಡುಪಿ ನೋಂದಣಿಯ, ಕೆಎ 20 ಕಾರು ನಮ್ಮ ಅಂಗಳದಲ್ಲಿದೆ. ಬೆಲ್ಟ್ ಎಳೆದು ನೋಡಿಯೇ ಕೊಂಡೆ, ಅವರು ನಕ್ಕರು. ಅಂದು ಚಹಾ ಕುಡಿಯದೆ ಹೊರಟುಬಿಟ್ಟಿರಿ. ಅದು ನನ್ನ ಬಾಕಿ.