ಶೂನ್ಯ ನೆರಳಿನ ದಿನದ ಆಕಾಶ ವೀಕ್ಷಣೆಗೆ ನೆರವು ಕೋರಿ ಮನವಿ

ಮಾನ್ಯರೇ,

2026ರ ಏಪ್ರಿಲ್ 24ರ ಶುಕ್ರವಾರ ಮಧ್ಯಾಹ್ನ ಸುಮಾರು 12 ಗಂಟೆ 24 ನಿಮಿಷಕ್ಕೆ ಹಾಸನದಲ್ಲಿ ಸೂರ್ಯನು ನಡುನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬದ ನೆರಳು ಆಗ ಅದರ ಬುಡದಲ್ಲೇ ಅಡಗಿಹೋಗುತ್ತದೆ. ನಮ್ಮ ಊರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಸೂರ್ಯನು ಉತ್ತರಕ್ಕೆ ಸರಿಯುವಾಗ ಏಪ್ರಿಲ್‌ನಲ್ಲಿ ಒಮ್ಮೆ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಹೀಗಾಗುತ್ತದೆ. ಆಗಸ್ಟ್‌ನಲ್ಲಿ ಶಾಲೆಗಳು ತೆರೆದಿರುತ್ತವೆ, ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಆಕಾಶ ಮಾತ್ರ ತೆರೆದಿರುವುದಿಲ್ಲ. ಹಾಗಾಗಿ ಬೇಸಿಗೆ ರಜೆಯಾದರೂ ಸರಿಯೆಂದು ಏಪ್ರಿಲನ್ನೇ ಆರಿಸಿಕೊಂಡಿದ್ದೇವೆ. ಅಜ್ಜಿಯ ಮನೆಗೆ ಬಂದ ಬೆಂಗಳೂರಿನ ಮಕ್ಕಳೂ ಸಿಗುತ್ತಾರಲ್ಲ ಎಂಬುದು ನಮ್ಮ ಸಮಾಧಾನ.

ಹಾಸನದ ಹವ್ಯಾಸಿ ಖಗೋಳ ವೀಕ್ಷಕರ ಬಳಗವು ಅಂದು ನಗರದ ವಸ್ತುಸಂಗ್ರಹಾಲಯದ ಆವರಣದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸಾರ್ವಜನಿಕ ವೀಕ್ಷಣೆಯನ್ನು ಏರ್ಪಡಿಸುತ್ತಿದೆ. ಆ ಜಾಗವನ್ನೇ ಹಿಡಿದುದಕ್ಕೆ ಅಲ್ಲಿರುವ ಹಳೆಯ ಕಲ್ಲುಗಳೇ ಕಾರಣ. ವೀರಗಲ್ಲಿನ ಮೇಲ್ತುದಿಯಲ್ಲಿ ಸೂರ್ಯಚಂದ್ರರನ್ನು ಕಡೆಯುವುದು, ಕೊಟ್ಟ ದತ್ತಿ ಆಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ, ನಡೆಯಲೆಂದು ಬರೆಸುವುದು, ಗ್ರಹಣ ಸಂಕ್ರಾಂತಿಗಳಂದು ಬಿಟ್ಟ ದಾನವನ್ನು ತಿಥಿ ವಾರಗಳ ಸಮೇತ ಕಲ್ಲಿನಲ್ಲಿ ದಾಖಲಿಸುವುದು ಈ ಸೀಮೆಯಲ್ಲಿ ಹೊಯ್ಸಳರಿಗಿಂತಲೂ ಹಳೆಯ ರೂಢಿ. ಅಂಥ ಗ್ರಹಣದ ಒಂದು ಉಲ್ಲೇಖ ಸಿಕ್ಕರೆ ಸಂಶೋಧಕರು ಹಿಂದಿನ ಗ್ರಹಣಗಳ ಲೆಕ್ಕ ಹಾಕಿ ಶಾಸನದ ಕಾಲವನ್ನು ತಾಳೆ ನೋಡಬಲ್ಲರು. ಕಲ್ಲಿನ ಸೂರ್ಯನನ್ನು ನೋಡಿದ ಮಗು ನಾಲ್ಕು ಹೆಜ್ಜೆ ಆಚೆಗೆ ಬಂದು, ಬಿಸಿಲಿನ ಪ್ರಖರತೆಯನ್ನು ತಡೆಯುವ ಸೋಸುಹಾಳೆ (ಫಿಲ್ಟರ್) ಕಟ್ಟಿದ ದೂರದರ್ಶಕದಲ್ಲಿ ನಿಜವಾದ ಸೂರ್ಯನ ಕಲೆಗಳನ್ನು ಎಣಿಸಬೇಕೆಂಬುದು ನಮ್ಮ ಆಸೆ.

ಆ ದಿನದ ಸಂಜೆಯೂ ಚೆನ್ನಾಗಿ ಕೂಡಿಬಂದಿದೆ. ವೈಶಾಖ ಶುಕ್ಲ ಅಷ್ಟಮಿಯ ಅರ್ಧಚಂದ್ರನಲ್ಲಿ ಬೆಳಕು ಕತ್ತಲೆ ಸಂಧಿಸುವ ಗೆರೆಯುದ್ದಕ್ಕೂ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಹುಣ್ಣಿಮೆಯ ಚಂದ್ರನಲ್ಲಿ ಈ ಸೊಗಸಿಲ್ಲ. ಪಶ್ಚಿಮದಲ್ಲಿ ಶುಕ್ರ, ಮಿಥುನ ರಾಶಿಯಲ್ಲಿ ಗುರು ಹಾಗೂ 1610ರಲ್ಲಿ ಗೆಲಿಲಿಯೋ ಕಂಡ ಅದರ ಉಪಗ್ರಹಗಳು ಕಾಣಲಿವೆ. ಬಂದವರೆಲ್ಲ ಮೊದಲು ಕೇಳುವುದು ಶನಿಯ ಉಂಗುರವನ್ನು. ಅವನು ಆಗ ಮುಂಜಾವಿನ ಆಕಾಶದಲ್ಲಿರುವುದರಿಂದ ಅಂದು ಸಿಗುವುದಿಲ್ಲವೆಂದು ಈಗಲೇ ತಿಳಿಸಿಬಿಡುತ್ತೇವೆ.

ನಮ್ಮ ಬಳಿ ಇರುವುದು ಎಂಟು ಇಂಚಿನ ಕನ್ನಡಿಯ ಒಂದೇ ದೂರದರ್ಶಕ. ಬರಿಗಣ್ಣಿಗಿಂತ ಸುಮಾರು 800 ಪಟ್ಟು ಹೆಚ್ಚು ಬೆಳಕನ್ನು ಕೂಡಿಸಬಲ್ಲ ಆ ಕನ್ನಡಿಯ ಅಲ್ಯೂಮಿನಿಯಂ ಲೇಪ ಹಲವು ಮಳೆಗಾಲಗಳ ತೇವಕ್ಕೆ ಅಂಚಿನಿಂದ ಮಬ್ಬಾಗುತ್ತ ಬಂದಿದೆ. ಕಣ್ಣಿಟ್ಟು ನೋಡುವ ಮಸೂರಗಳಾದ ಐಪೀಸ್‌ಗಳದ್ದು ಇನ್ನೂ ಕಷ್ಟ. ಕಳೆದ ಬಾರಿ ಸಾಲಿನಲ್ಲಿ ನಿಂತು ಚಂದ್ರನನ್ನು ನೋಡಿದ ಹುಡುಗಿಯೊಬ್ಬಳು "ಚಂದ್ರನ ಮೇಲೆ ಜೇಡ ಬಲೆ ಕಟ್ಟಿದೆ, ಸಾರ್" ಎಂದಳು. ಬಿಚ್ಚಿ ನೋಡಿದರೆ ಮಸೂರದೊಳಗೆ ಕವಲೊಡೆದ ಬಿಳಿಯ ಎಳೆಗಳಲ್ಲಿ ಬೂಷ್ಟು ಬೆಳೆದಿತ್ತು. ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಬದಲಿಸದೆ ಬಿಟ್ಟ ತಪ್ಪು ನಮ್ಮದೇ.

ಕನ್ನಡಿಗೆ ಹೊಸ ಲೇಪ ಹಾಕಿಸಿ ತರಿಸಲು 9,000 ರೂಪಾಯಿ, ಎರಡು ಐಪೀಸ್‌ಗಳಿಗೆ 7,000 ರೂಪಾಯಿ, ದೂರದರ್ಶಕದ ಮುಂತುದಿಗೆ ಕಟ್ಟುವ ಸೌರ ಸೋಸುಹಾಳೆಗೆ 6,000 ರೂಪಾಯಿ ಬೇಕಾಗಿದೆ. ಈ ಹಾಳೆಯನ್ನು ಕಣ್ಣಿಡುವ ತುದಿಗಲ್ಲ, ಬೆಳಕು ಒಳಹೋಗುವ ತುದಿಗೇ ಕಟ್ಟಬೇಕು. ಇದರಲ್ಲಿ ಅಗ್ಗದ ಮಾಲಿಗೆ ಕೈಹಾಕಿದರೆ ಮಗುವಿನ ಕಣ್ಣೇ ಹೋದೀತು. 500 ಸೂರ್ಯ ಕನ್ನಡಕಗಳಿಗೆ 20,000 ರೂಪಾಯಿ, ಆಲೂರು ಮತ್ತು ಅರಕಲಗೂಡು ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಊಟ ಹಾಕಿ ಮನೆ ಮುಟ್ಟಿಸುವ ಎರಡು ಬಸ್ಸುಗಳಿಗೆ 24,000 ರೂಪಾಯಿ ತಗಲುತ್ತದೆ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ಹೊಂದಿರುವ ಊರಿನ ಆಸುಪಾಸಿನ ಮಕ್ಕಳು ತಾರಾಲಯ ನೋಡಲು ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಹೆಚ್ಚಿನವರು ಹೋಗುವುದೇ ಇಲ್ಲ. ಆದ್ದರಿಂದ ಹಣ ಸಾಲದೆ ಬಂದರೆ ಬೇರೆ ಯಾವುದನ್ನಾದರೂ ಕೈಬಿಟ್ಟೇವು, ಬಸ್ಸನ್ನು ಬಿಡುವುದಿಲ್ಲ.

ಒಟ್ಟು 66,000 ರೂಪಾಯಿಗಳಲ್ಲಿ ಸದಸ್ಯರೇ 18,000 ಕೂಡಿಸಿದ್ದೇವೆ. ಉಳಿದ 48,000 ರೂಪಾಯಿಗಾಗಿ ತಮ್ಮಂಥ ಸಹೃದಯರ ಮುಂದೆ ಕೈಚಾಚಿದ್ದೇವೆ. ವೇದಿಕೆ, ಶಾಲು, ಹಾರ, ಫ್ಲೆಕ್ಸುಗಳಿಗೆ ಇದರಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲ. ದಾನಿಗಳ ಹೆಸರನ್ನು ಅಂದು ಪ್ರವೇಶದ್ವಾರದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಅಷ್ಟೆ. ಒಂದು ಕನ್ನಡಕದ ಬೆಲೆಯಾದ 40 ರೂಪಾಯಿಯನ್ನೂ ಸಂತೋಷದಿಂದ ಸ್ವೀಕರಿಸುತ್ತೇವೆ. ಲೇಪದ ಕೆಲಸಕ್ಕೆ ಕೆಲವು ವಾರಗಳು ಹಿಡಿಯುವುದರಿಂದ ದಯವಿಟ್ಟು ಮಾರ್ಚ್ 10ರೊಳಗೆ ಖಜಾಂಚಿಯವರಿಗೆ ತಲುಪಿಸಿ, ರಸೀದಿಯನ್ನು ತಪ್ಪದೆ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಮೇ ತಿಂಗಳ ಸಭೆಯಲ್ಲಿ ಬಿಲ್ಲುಗಳ ಸಮೇತ ಮಂಡಿಸುತ್ತೇವೆ. ಸಭೆಗೆ ದಾನಿಗಳೂ ಬರಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಬಳಗದ ಪರವಾಗಿ, ಹಾಸನ